ಹಗಲು ಲೆಡ್ಜರು, ಇರುಳು ವಾಲಿ

ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಕರಾವಳಿಯ ಹೆಚ್ಚಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಗ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ದೇವಸ್ಥಾನದ ಪೌಳಿಯಲ್ಲೋ, ಶಾಲೆಯ ಕೋಣೆಯಲ್ಲೋ, ಯಾರದೋ ಮನೆಯ ಚಾವಡಿಯಲ್ಲೋ ಶನಿವಾರ ಸಂಜೆ ನಾಲ್ಕಾರು ಮಂದಿ ಬಂದು, ಒದ್ದೆ ಕೊಡೆ ಮೂಲೆಗಿಟ್ಟು, ಎದುರುಬದುರಾಗಿ ಕೂರುತ್ತಾರೆ. ಒಬ್ಬರು ಬ್ಯಾಂಕಿನವರು, ಇನ್ನೊಬ್ಬರು ಅಡಿಕೆ ತೋಟದವರು, ಮತ್ತೊಬ್ಬರು ಹೈಸ್ಕೂಲು ಮಾಸ್ತರರು. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ, ಹೆಗಲಿಗೊಂದು ಶಾಲು, ಅಷ್ಟೆ. ಭಾಗವತರು ಪದ ಹಾಡಿ, ಮದ್ದಳೆಯ ಪೆಟ್ಟು ನಿಂತೊಡನೆ ಬ್ಯಾಂಕಿನವರು ವಾಲಿಯಾಗುತ್ತಾರೆ, ಮಾಸ್ತರರು ರಾಮ.

ಇದು ತಾಳಮದ್ದಳೆ. ಪ್ರಸಂಗದಲ್ಲಿ ಪದ್ಯ ಮಾತ್ರ ಬರೆದಿಟ್ಟದ್ದು. ಅದರ ಮೇಲೆ ಆಡುವ ಮಾತು, ಅಂದರೆ ‘ಅರ್ಥ’, ಕುಳಿತಲ್ಲೇ ಹುಟ್ಟಬೇಕು. ಎದುರಿಗಿರುವವರು ಯಾವ ಪ್ರಶ್ನೆ ಎಸೆಯುತ್ತಾರೆಂಬುದು ಮೊದಲೇ ಗೊತ್ತಿರುವುದಿಲ್ಲ.

ನಮ್ಮ ಮನೆಗಳಲ್ಲಿ ಆಟವೂ ಪಾಠವೂ ಮಕ್ಕಳ ಪಾಲಿಗೆ ಬಿಟ್ಟದ್ದು. ಅದರಲ್ಲೂ ಎಸ್ಸೆಸ್ಸೆಲ್ಸಿ ಬಂತೆಂದರೆ ಆಟ ಬಂದ್, ಕೆಲಸ ಸಿಕ್ಕಿತೆಂದರೆ ಪಾಠವೂ ಬಂದ್. ಆಮೇಲೆ ಉಳಿಯುವುದು ಸಂಬಳ, ಸಾಲದ ಕಂತು, ರಾತ್ರಿ ಊಟವಾದ ಮೇಲೆ ಟೀವಿ ಅಥವಾ ಮೊಬೈಲು. ‘ಓದು, ಓದು’ ಎಂದು ಮಗನ ಬೆನ್ನು ಬಿದ್ದ ಅಪ್ಪ ತಾನು ಕೊನೆಯ ಬಾರಿ ಪುಸ್ತಕ ಬಿಡಿಸಿದ್ದು ಯಾವಾಗ ಎಂದು ಮಗ ಕೇಳಿದರೆ ಉತ್ತರ ಕಷ್ಟ. ತಾಳಮದ್ದಳೆಯ ಮನೆಗಳಲ್ಲಿ ಈ ಲೆಕ್ಕ ಸ್ವಲ್ಪ ಬೇರೆ.

ವಾಲಿಯ ಪ್ರಸಂಗವನ್ನೇ ನೋಡಿ. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನ್ನ ನಾಡಿಗೆ ನಾನೇನು ಕೇಡು ಮಾಡಿದ್ದೆ? ಬೇರೊಬ್ಬನೊಡನೆ ಕಾದುತ್ತಿದ್ದವನ ಮೇಲೆ ಮರೆಯಿಂದ ಬಾಣ ಬಿಡುವುದು ಯಾವ ಕ್ಷತ್ರಿಯಧರ್ಮ? ರಾಮನ ಕಡೆಯ ಉತ್ತರಗಳು ವಾಲ್ಮೀಕಿಯಲ್ಲೇ ಇವೆ: ತಮ್ಮನ ಹೆಂಡತಿಯನ್ನು ಅಪಹರಿಸಿದ್ದು, ಇಕ್ಷ್ವಾಕುಗಳ ದಂಡನೆಯ ಅಧಿಕಾರ, ಬೇಟೆಯ ನ್ಯಾಯ. ಆದರೆ ಅವನ್ನು ಗಿಳಿಪಾಠ ಒಪ್ಪಿಸಿದರೆ ಎದುರಿನ ವಾಲಿ ಬಿಡುವುದಿಲ್ಲ. ‘ನಾನು ಮೃಗವೆಂದಾದರೆ ಮನುಷ್ಯರ ಧರ್ಮ ನನಗೇಕೆ? ಮನುಷ್ಯರ ಧರ್ಮ ನನಗೂ ಸಲ್ಲುವುದಾದರೆ ಬೇಟೆಯ ನ್ಯಾಯವೇಕೆ?’ ಎಂದು ಮುಂದರಿಯುತ್ತಾನೆ. ಈ ಇಕ್ಕಟ್ಟಿನಿಂದ ಪಾರಾಗಲು ರಾಮನಾದ ಮಾಸ್ತರರು ವಾರವಿಡೀ ತೊರವೆ ರಾಮಾಯಣ ತಿರುವಿ ಹಾಕಿರುತ್ತಾರೆ, ಬಸ್ಸಿನಲ್ಲಿ ಕುಳಿತು ತುಟಿ ಅಲ್ಲಾಡಿಸಿರುತ್ತಾರೆ. ಇದಕ್ಕೆ ಮಾರ್ಕೂ ಇಲ್ಲ, ಬಡ್ತಿಯೂ ಇಲ್ಲ.

ಈ ಕಲೆಯ ದೊಡ್ಡ ಹೆಸರುಗಳಲ್ಲಿ ಬೇರೆ ವೃತ್ತಿಯವರೂ ಇದ್ದಾರೆ. ಸುಳ್ಯ ತಾಲ್ಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು (1914–1984) ಕೃಷಿಕರು. ಡಾ. ಎಂ. ಪ್ರಭಾಕರ ಜೋಶಿಯವರು ಕಾಲೇಜಿನಲ್ಲಿ ಹೇಳಿದ ಪಾಠ ವಾಣಿಜ್ಯಶಾಸ್ತ್ರದ್ದು. ಸಂಶೋಧನೆಗೆ ಹಿಡಿದದ್ದು ‘ಕೃಷ್ಣ ಸಂಧಾನ’. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರು ಇಂದಿಗೂ ಅದನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ಹೊಸಬರಿಗೆ ಇದು ವರವೂ ಹೌದು, ಕಾಟವೂ ಹೌದು.

ಹೊಸಬರೆಂದರೆ ಹುಡುಗರೇ ಆಗಬೇಕಿಲ್ಲ. ನಲವತ್ತು ದಾಟಿದ ಮೇಲೆ ಕೂಟಕ್ಕೆ ಇಳಿಯುವವರೂ ಇದ್ದಾರೆ. ಅವರಿಗೆ ಮೊದಲು ಸಿಗುವುದು ದೂತನ ಅರ್ಥ, ಎರಡೇ ಪದ. ಕಚೇರಿಯಲ್ಲಿ ಹತ್ತು ಜನರಿಗೆ ಆಜ್ಞೆ ಮಾಡುವವರು ಇಲ್ಲಿ ಕೈ ಮುಗಿದು ‘ಒಡೆಯಾ’ ಎನ್ನಬೇಕು. ಕೆಲವೊಮ್ಮೆ ಆ ಒಡೆಯ ಅದೇ ಕಚೇರಿಯ ಗುಮಾಸ್ತ! ಇಂಗ್ಲಿಷ್ ಪದ ನುಸುಳಿದರೆ ಸಭೆ ನಗುತ್ತದೆ. ಹಗಲೆಲ್ಲ ‘ಬ್ಯಾಲೆನ್ಸು, ಕ್ಲಿಯರೆನ್ಸು’ ಎನ್ನುತ್ತಿದ್ದವರು ರಾತ್ರಿ ಒಂದು ಗಂಟೆ ಕಾಲ ಅಚ್ಚಗನ್ನಡದಲ್ಲಿ ಮಾತಾಡಿದ್ದನ್ನು ಕಂಡು ಅವರ ಮಕ್ಕಳೇ ಬೆರಗಾಗುವುದುಂಟು.

ಎಲ್ಲ ಕೂಟಗಳೂ ರಸಗವಳವೆಂದಲ್ಲ. ಪೀಠಿಕೆಯಲ್ಲೇ ಅರ್ಧ ರಾತ್ರಿ ಕಳೆಯುವವರಿದ್ದಾರೆ. ವಾದ ಹಟಕ್ಕೆ ತಿರುಗಿ, ಭಾಗವತರು ಮುಂದಿನ ಪದ ಎತ್ತಿ ಬಿಡಿಸಬೇಕಾದ ಪ್ರಸಂಗಗಳೂ ಉಂಟು. ಭಾನುವಾರ ಮಧ್ಯಾಹ್ನದವರೆಗೆ ನಿದ್ದೆ ಹೊಡೆಯುವ ಗಂಡನ ಬಗ್ಗೆ ಹೆಂಡತಿಯರ ದೂರಂತೂ ಹಳೆಯದು, ನ್ಯಾಯವಾದದ್ದು ಕೂಡ. ಮನೆಗೆಲಸ ಮುಗಿಯದೆ ಅವರಿಗೆ ಇಂಥ ಶನಿವಾರ ಎಲ್ಲಿಂದ ಬರಬೇಕು? ಈಚಿನ ವರ್ಷಗಳಲ್ಲಿ ಮಹಿಳಾ ತಂಡಗಳೂ ಕೂಟ ನಡೆಸುತ್ತಿವೆ. ಆ ದಿನ ಅನ್ನಕ್ಕಿಡುವವರು ಯಾರೆಂಬುದು ಮನೆಮನೆಯ ಸಂಗತಿ.

ವಾಲಿ ಸಾಯಲೇಬೇಕು, ಪ್ರಸಂಗ ಹಾಗಿದೆ. ಆದ್ದರಿಂದ ವಾಲಿಯಾದವರಿಗೆ ಗೆಲುವಿನ ಚಿಂತೆಯೇ ಇಲ್ಲ. ಸಾಯುವ ಮುನ್ನ ರಾಮನ ಹಣೆಯಲ್ಲಿ ಬೆವರು ತರಿಸಿದರೆ ಸಾಕು. ತೊಂಬತ್ತೆಂಟು ಮಾರ್ಕು ತಂದ ಮಗಳಿಗೆ ಉಳಿದೆರಡು ಎಲ್ಲಿ ಎಂದು ಕೇಳುವ ಅಪ್ಪನೇ ಇಲ್ಲಿ ಸೋತು, ಹಗುರಾಗಿ ನಗುತ್ತಾನೆ. ಮಾತು ಮರೆತು ತಡವರಿಸಿದ ರಾತ್ರಿಯೂ ಹಾಗೆಯೇ. ಮುಂದಿನ ವಾರ ಮಗಳೇ ಪುಸ್ತಕ ಹಿಡಿದು, ‘ಅಪ್ಪಾ, ಅಲ್ಲಿ ನಿಂತಿರಲ್ಲ, ಅಲ್ಲಿಂದ ಹೇಳಿ ನೋಡುವ’ ಎನ್ನುತ್ತಾಳೆ.

ಮಂಗಳ ಹಾಡಿದ ಮೇಲೆ ಅವಲಕ್ಕಿ, ಕಾಫಿ. ಚಾಪೆಯ ಮೇಲೆ ನಿದ್ದೆಹೋದ ಮಕ್ಕಳನ್ನು ಎಬ್ಬಿಸುವ ಗಡಿಬಿಡಿ. ಹೊರಗೆ ಮಳೆ ಇನ್ನೂ ನಿಂತಿಲ್ಲ. ರಾಮನಾಗಿದ್ದ ಮಾಸ್ತರರು ಕೊಡೆ ಬಿಡಿಸುತ್ತ, ‘ಬರುವ ಸಲ ವಾಲಿ ನನಗಿರಲಿ ಮಾರಾಯ್ರೆ’ ಎನ್ನುತ್ತಾರೆ.