ಹೊಲಿದ ಹಡಗು, ಹಡಗೊಳಗಿನ ಕುದುರೆ

ಶೆಟ್ಟಿಕೆರೆಯ ಟೀ ಅಂಗಡಿಯಲ್ಲಿ ಮಾತು ಕೊಬ್ಬರಿ ರೇಟಿನಿಂದ ಶುರುವಾದರೂ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಹೇಳಲಾಗದು. ಮೊನ್ನೆ ಇಂಗ್ಲೆಂಡಿಗೆ ಹೋಯಿತು. ಕಾಲೇಜು ಹುಡುಗನೊಬ್ಬ ಮೊಬೈಲಿನಲ್ಲಿ ನಾರ್ಮನ್ನರ ದಂಡಯಾತ್ರೆ ನೋಡುತ್ತಿದ್ದ. 1066ರಲ್ಲಿ ಡ್ಯೂಕ್ ವಿಲಿಯಂ ಬಿಲ್ಲಾಳುಗಳನ್ನೂ ಕುದುರೆಗಳನ್ನೂ ಹಡಗಿಗೆ ತುಂಬಿಕೊಂಡು ಕಡಲು ದಾಟಿ ಹೇಸ್ಟಿಂಗ್ಸ್‌ನಲ್ಲಿ ಗೆದ್ದ ಕತೆ. ‘ನಮ್ಮೋರಿಗೆ ಇಂಥವೆಲ್ಲ ಎಲ್ಲಿದ್ವು ಬಿಡಣ್ಣ’ ಅಂದ. ಕೂತವರೆಲ್ಲ ಹೂಂಗುಟ್ಟಿದರು. ಅಲ್ಲಿ ಕೇಳಿದ ಮಾತುಗಳನ್ನೇ ಇಲ್ಲಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಹಡಗಿಗೆ ಮೊಳೆ ಹೊಡೆಯಲು ಬಾರದ್ದಕ್ಕೇ ನಮ್ಮವರು ಹಗ್ಗದಲ್ಲಿ ಹೊಲಿಯುತ್ತಿದ್ದರು.

ವಾಸ್ತವ: ಕಬ್ಬಿಣಕ್ಕೆ ಬರವಿರಲಿಲ್ಲ. ಅದಿರು ನಮ್ಮ ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲೇ ಇದೆ. ಕತ್ತಿ, ಬಾಣದ ಮೊನೆ, ನೇಗಿಲ ಕುಳ ಎಲ್ಲವನ್ನೂ ಈ ನಾಡಿನ ಕಮ್ಮಾರರು ಬಡಿಯುತ್ತಿದ್ದರು. ನಾರ್ಮನ್ನರು ಹಲಗೆಯ ಮೇಲೆ ಹಲಗೆಯ ಅಂಚು ಕೂರಿಸಿ ಕಬ್ಬಿಣದ ಮೊಳೆ ಬಡಿದು ಬಿಗಿಯುತ್ತಿದ್ದರು. ಪಡುವಣ ಕಡಲಿನವರು ಹಲಗೆಗಳನ್ನು ಅಂಚಿಗೆ ಅಂಚು ತಾಗಿಸಿಟ್ಟು, ಎರಡೂ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ಸಂದಿಗೆ ನಾರು ತುಂಬಿ, ತೆಂಗಿನ ನಾರಿನ ಹುರಿಯಿಂದ ಜಗ್ಗಿ ಹೊಲಿಯುತ್ತಿದ್ದರು. ತೂತಿನಲ್ಲಿ ಉಳಿದ ಸಂದಿಗೆ ಬೆಣೆ, ಮೇಲೆ ಮೀನೆಣ್ಣೆ. ಗೋಣಿಚೀಲದ ಬಾಯಿ ಹೊಲಿದವರಿಗೆ ಅರ್ಧ ಕೆಲಸ ಗೊತ್ತಿದ್ದ ಹಾಗೆಯೇ.

13ನೇ ಶತಮಾನದಲ್ಲಿ ಹೊರ್ಮುಜ್ ಬಂದರಿನಲ್ಲಿ ಇಂಥ ಹಡಗು ಕಂಡ ಮಾರ್ಕೊ ಪೋಲೊ ಬೆಚ್ಚಿದ್ದ, ಇವು ಮುಳುಗುವುದೇ ಹೆಚ್ಚು ಎಂದು ಬರೆದ. ಆದರೆ ಅದೇ ಹುರಿ ಉಪ್ಪುನೀರಿಗೆ ಜಗ್ಗುವುದಿಲ್ಲ ಎಂಬುದನ್ನೂ ಒಪ್ಪಿಕೊಂಡ. ಮುಂದಿನ ಶತಮಾನದಲ್ಲಿ ಇದೇ ಕಡಲಲ್ಲಿ ವರ್ಷಗಟ್ಟಲೆ ಓಡಾಡಿದ ಇಬ್ನ್ ಬತೂತಾ ಕಾರಣವನ್ನೇ ಹೇಳಿದ್ದಾನೆ: ಇಲ್ಲಿ ನೀರಡಿಯ ಬಂಡೆಗಳು ಜಾಸ್ತಿ; ಮೊಳೆಯ ಹಡಗು ಬಡಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ. ಕಡಲಡಿಯ ಸೂಜಿಗಲ್ಲು ಮೊಳೆಗಳನ್ನು ಕೀಳುತ್ತದೆ ಅನ್ನುವ ಹಳೇ ಕತೆಯನ್ನು ಅಂಗಡಿಯಲ್ಲಿ ಒಬ್ಬರು ತೆಗೆದರು. ಕತೆ ಚೆನ್ನಾಗಿದೆ, ಅಷ್ಟೇ.

ತಪ್ಪು ಕಲ್ಪನೆ: ಕುದುರೆಯನ್ನು ಹಡಗಿನಲ್ಲಿ ಒಯ್ದು ದಡದಲ್ಲಿ ಕಾದಿದ್ದು ಯುರೋಪಿನವರು ಮಾತ್ರ.

ವಾಸ್ತವ: ಬೇಯೂ ಊರಿನ ಕಸೂತಿ ಪಟದಲ್ಲಿ ವಿಲಿಯಂನ ಕುದುರೆಗಳು ಹಡಗಿನ ಅಂಚು ದಾಟಿ ನೀರಿಗೆ ಕಾಲಿಡುವುದು ಕಾಣುತ್ತದೆ. ಈಗ ಹೊನ್ನಾವರಕ್ಕೆ ಬನ್ನಿ. 1340ರ ದಶಕದ ಆರಂಭ. ಅಲ್ಲಿನ ಸುಲ್ತಾನ ಜಮಾಲುದ್ದೀನ್ 52 ಹಡಗು ಸಜ್ಜು ಮಾಡಿ ಸಂದಾಪುರದ, ಅಂದರೆ ಗೋವೆಯ, ಮೇಲೆ ಏರಿ ಹೋದ. ಇವನ ಮೇಲಿನ ದೊರೆ ‘ಹರ್ಯಬ್’ ಎನ್ನುತ್ತಾನೆ ಇಬ್ನ್ ಬತೂತಾ. ಅದು ವಿಜಯನಗರದ ಹರಿಹರ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಜಗಳದ ಮೂಲ ಮನೆಯದು: ಅಪ್ಪನೊಂದಿಗೆ ಮುನಿಸಿಕೊಂಡ ಸಂದಾಪುರದ ಅರಸುಮಗ ತಾನೇ ಹೊನ್ನಾವರಕ್ಕೆ ಓಲೆ ಬರೆದಿದ್ದ.

ಪ್ರವಾಸಿ ಇಬ್ನ್ ಬತೂತಾ ಆ ಹಡಗುಗಳಲ್ಲೇ ಇದ್ದ. ದಡದವರು ಕಲ್ಲೆಸೆಯುವ ಯಂತ್ರಗಳನ್ನು ಹೂಡಿಕೊಂಡು ಕಾದಿದ್ದರು. ಬೆಳಿಗ್ಗೆ ನಗಾರಿ, ಕೊಂಬು, ಕಹಳೆ ಮೊಳಗಿದವು, ಹಡಗುಗಳು ನುಗ್ಗಿದವು. ಸುಲ್ತಾನನ ಪಕ್ಕದಲ್ಲೇ ನಿಂತಿದ್ದವನೊಬ್ಬನಿಗೆ ಕಲ್ಲು ಬಡಿಯಿತು. ಹಡಗಿನವರು ಗುರಾಣಿ, ಕತ್ತಿ ಹಿಡಿದು ನೀರಿಗೆ ಹಾರಿದರು, ಪ್ರವಾಸಿಯೂ ಹಾರಿದ. ಎರಡು ಹಡಗುಗಳ ಹಿಂಬದಿ ತೆರೆದಿತ್ತು. ಒಳಗೆ ಕುದುರೆಗಳು. ಸವಾರ ಹಡಗೊಳಗೇ ಕವಚ ತೊಟ್ಟು, ಕುದುರೆ ಹತ್ತಿ, ನೇರ ಹೊರಗೆ ಬರುವಂತೆ ಅವನ್ನು ಕಟ್ಟಿದ್ದರು. ನನ್ನನ್ನು ಕೇಳಿದರೆ ಅಂಚು ಹಾರಿಸಿ ಕುದುರೆ ಇಳಿಸುವುದಕ್ಕಿಂತ ಇದೇ ಜಾಣತನ.

ತಪ್ಪು ಕಲ್ಪನೆ: ಕನ್ನಡದ ಅರಸರು ಕಡಲಿಗೆ ಬೆನ್ನು ಹಾಕಿದವರು.

ವಾಸ್ತವ: 634ರ ಐಹೊಳೆ ಶಾಸನ ಸಾಕು. ಇಮ್ಮಡಿ ಪುಲಕೇಶಿ ಪಡುವಣ ಕಡಲಿನ ಪುರಿಯನ್ನು ಮದದಾನೆಗಳಂಥ ನೂರಾರು ಹಡಗುಗಳಿಂದ ಮುತ್ತಿದನೆಂದು ರವಿಕೀರ್ತಿ ಹಾಡಿದ್ದಾನೆ. ಆಸ್ಥಾನ ಕವಿಯ ಲೆಕ್ಕ, ನೂರಾರನ್ನು ಎಣಿಸಲು ಹೋಗಬೇಡಿ; ಹಡಗೇ ಇರಲಿಲ್ಲ ಅನ್ನಲೂ ಬೇಡಿ.

ತಪ್ಪು ಕಲ್ಪನೆ: ಬಿಲ್ಲು ಪುರಾಣದ ಮಾತು, ನಿಜವಾದ ಯುದ್ಧ ಆನೆ, ಕತ್ತಿಗಳದ್ದು.

ವಾಸ್ತವ: ಊರಾಚೆಯ ವೀರಗಲ್ಲುಗಳ ಕೆಳಗಿನ ಪಟ್ಟಿಕೆ ನೋಡಿ. ತುರು ಬಿಡಿಸಲು ಹೋದವನ ಕೈಯಲ್ಲಿ ಎಷ್ಟೋ ಕಡೆ ಬಿಲ್ಲೇ ಇದೆ. ದೊಡ್ಡ ದಂಡಿನಲ್ಲಿ ಅದು ರಾಜ್ಯಗಳ ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ಬಹಮನಿಗಳ ಎದುರು ಸೋಲು ಯಾಕೆಂದು ವಿಜಯನಗರದ ಇಮ್ಮಡಿ ದೇವರಾಯ ವಿಚಾರಿಸಿದಾಗ ಎರಡು ಕಾರಣ ಬಂದವು ಎನ್ನುತ್ತಾನೆ ಇತಿಹಾಸಕಾರ ಫರಿಶ್ತಾ: ಅವರ ಕುದುರೆ ಚೆನ್ನ, ಅವರ ಬಿಲ್ಲುಗಾರರು ನುರಿತವರು. ರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು ಜಹಗೀರು ಕೊಟ್ಟ, ತನ್ನವರಿಗೆ ಬಿಲ್ವಿದ್ಯೆ ಕಲಿಸಲು ಹಚ್ಚಿದ. ಅವನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಈಗಲೂ ನಿಂತಿದೆ. ಅಲ್ಲಿನ ಶಾಸನ ಕನ್ನಡದ್ದು, ಮಸೀದಿಯನ್ನು ಅದು ‘ಧರ್ಮಸಾಲೆ’ ಎನ್ನುತ್ತದೆ.

ತಪ್ಪು ಕಲ್ಪನೆ: ಹಾಗಾದರೆ ಆ ಹಡಗು ಹೊಲಿದದ್ದು ನಮ್ಮ ಕಾಯಿಯ ನಾರಿನಿಂದ.

ವಾಸ್ತವ: ಇದನ್ನು ಅಂದವನು ನಾನೇ, ಉಬ್ಬಿಹೋಗಿ. ಮನೆಗೆ ಬಂದು ಅಟ್ಟ ನೋಡಿದ ಮೇಲೆ ನಾಚಿಕೆಯಾಯಿತು. ನಮ್ಮದು ಉಂಡೆ ಕೊಬ್ಬರಿಯ ಸೀಮೆ. ಸಿಪ್ಪೆ ಸಮೇತ ಕಾಯಿ ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಕೂರಬೇಕು. ಒಳಗಿನ ನೀರು ಬತ್ತಿ, ಅಲ್ಲಾಡಿಸಿದರೆ ಕೊಬ್ಬರಿ ಲೊಟಲೊಟ ಅನ್ನಬೇಕು. ಅಷ್ಟು ಹೊತ್ತಿಗೆ ಸಿಪ್ಪೆ ಒಣಗಿ ಕಂದು ಬಣ್ಣಕ್ಕೆ ತಿರುಗಿ ನಾರು ಪೆಡಸಾಗಿರುತ್ತದೆ. ಹುರಿಗೆ ಬೇಕಾದದ್ದು ಹಸಿ ಸಿಪ್ಪೆ. ಅದನ್ನು ಕಡಲ ದಡದ ಗುಂಡಿಗಳಲ್ಲಿ ಕೊಳೆಹಾಕಿ, ಬಡಿದು, ಹೆಂಗಸರು ಹೊಸೆಯುತ್ತಿದ್ದುದನ್ನು ಇಬ್ನ್ ಬತೂತಾ ಮಾಲ್ಡೀವ್ಸ್‌ನಲ್ಲಿ ಕಂಡಿದ್ದ. ಆ ಹುರಿ ಯೆಮೆನ್‌ವರೆಗೂ ಹೋಗುತ್ತಿತ್ತು. ನಮ್ಮ ಸಿಪ್ಪೆಯ ರಾಶಿ ಅಂಗಳದಲ್ಲಿ ಬಿದ್ದಿದೆ. ಸ್ನಾನದ ಒಲೆಗೆ ಒಂದು ಪಾಲು, ನಾರಿನ ಮಿಲ್ಲಿನ ಲಾರಿ ಬಂದರೆ ಉಳಿದದ್ದು ಅವರಿಗೆ.