ಕೊಟ್ಟ ಮಾತು, ತೆರೆದ ಬಾಗಿಲು

ಎರಡನೆಯ ಮಹಾಯುದ್ಧವನ್ನು ಕುರಿತು ಪಾಠ ಹೇಳುವಾಗ ನಾವು ಸಾಮಾನ್ಯವಾಗಿ ಕೊಂದವರ ಹೆಸರನ್ನೂ ಸತ್ತವರ ಸಂಖ್ಯೆಯನ್ನೂ ಹೇಳುತ್ತೇವೆ. ಸುಮಾರು 60 ಲಕ್ಷ ಯಹೂದ್ಯರು ಹತರಾದರೆಂಬ ದಾರುಣ ಸಂಗತಿ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಒಂದು ಅಂಕಿಯಾಗಿ ಉಳಿದುಬಿಡುತ್ತದೆ. ಕಾಪಾಡಿದವರ ಪ್ರಸ್ತಾಪ ಬರುವುದು ಅಪರೂಪ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆಯಿಂದ ವಿಶ್ವವಿದ್ಯಾಲಯಕ್ಕೆ ಬರುವ ನಮ್ಮ ತರುಣರಿಗೆ ಆ ಕಾಪಾಡಿದವರ ವಿಷಯವನ್ನು ಏಕೆ ಮತ್ತು ಹೇಗೆ ಹೇಳಬೇಕೆಂಬುದೇ ಇಲ್ಲಿ ನನ್ನ ವಿಚಾರ.

ಗ್ರೀಸ್ ದೇಶದ ಉತ್ತರಕ್ಕೆ ಆಲ್ಬೇನಿಯಾ ಎಂಬ ಪುಟ್ಟ ಬೆಟ್ಟಸೀಮೆಯಿದೆ. ಯುದ್ಧಕಾಲದಲ್ಲಿ ಅಲ್ಲಿನ ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು, ಬಹುಪಾಲು ಮುಸಲ್ಮಾನರು. ಯುದ್ಧಕ್ಕೆ ಮೊದಲು ಅಲ್ಲಿದ್ದ ಯಹೂದ್ಯರು ಸುಮಾರು 200 ಮಂದಿ. 1939ರಲ್ಲಿ ಇಟಲಿಯೂ 1943ರ ಸೆಪ್ಟೆಂಬರಿನಲ್ಲಿ ಜರ್ಮನಿಯೂ ಆ ನಾಡನ್ನು ಆಕ್ರಮಿಸಿದವು. ಯಹೂದ್ಯರ ಪಟ್ಟಿಯನ್ನು ಒಪ್ಪಿಸಬೇಕೆಂದು ಜರ್ಮನ್ ಅಧಿಕಾರಿಗಳು 1944ರಲ್ಲಿ ಕೇಳಿದಾಗ ಅಲ್ಲಿನ ಆಡಳಿತ ಕೊಡಲಿಲ್ಲ. ಯುದ್ಧ ಮುಗಿದಾಗ ಆ ನಾಡಿನಲ್ಲಿದ್ದ ಯಹೂದ್ಯರು ಸುಮಾರು 2,000. ಯುದ್ಧಕ್ಕೆ ಮೊದಲಿದ್ದುದಕ್ಕಿಂತ ಯುದ್ಧಾನಂತರ ಯಹೂದ್ಯರ ಸಂಖ್ಯೆ ಹೆಚ್ಚಿದ ದೇಶ, ಜರ್ಮನಿ ಆಕ್ರಮಿಸಿಕೊಂಡ ಯೂರೋಪಿನಲ್ಲಿ ಅದೊಂದೇ ಎಂದು ಹೇಳುವುದುಂಟು.

ಇದೂ ಅಂಕಿಯೇ ತಾನೆ ಎನ್ನಬಹುದು. ಆದುದರಿಂದ ಒಂದು ಮನೆಯ ಕಥೆಯನ್ನು ಹೇಳಬೇಕಾಗುತ್ತದೆ. ಯುಗೋಸ್ಲಾವಿಯದಿಂದ ತಪ್ಪಿಸಿಕೊಂಡು ಬಂದಿದ್ದ ಮೋಶೆ ಮಂಡಿಲ್ ಎಂಬ ಛಾಯಾಗ್ರಾಹಕ ರಾಜಧಾನಿ ಟಿರಾನಾದಲ್ಲಿ ಕೆಲಸ ಮಾಡುತ್ತಿದ್ದ. ಅವನ ಕೈಕೆಳಗೆ ಕಲಿಯುತ್ತಿದ್ದ ಹುಡುಗ ರೆಫಿಕ್ ವೆಸೆಲಿ, ಹದಿನೇಳರ ಪ್ರಾಯದವನು, ಮುಸಲ್ಮಾನ. ಜರ್ಮನರು ಬಂದೊಡನೆ ಈ ಹುಡುಗ ಗುರುವಿನ ಕುಟುಂಬವನ್ನು ಬೆಟ್ಟದ ದಾರಿಯಲ್ಲಿ ಕ್ರೂಯಾ ಎಂಬಲ್ಲಿದ್ದ ತನ್ನ ತಂದೆತಾಯಿಗಳ ಮನೆಗೆ ಕರೆದೊಯ್ದ. ದೊಡ್ಡವರನ್ನು ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ ಅಡಗಿಸಿಟ್ಟರು; ಮಕ್ಕಳನ್ನು ಊರಿನ ಮಕ್ಕಳೊಡನೆ ಬೆರೆಯಲು ಬಿಟ್ಟರು. 1944ರ ನವೆಂಬರಿನಲ್ಲಿ ದೇಶ ಬಿಡುಗಡೆಯಾಗುವವರೆಗೂ ಹಾಗೆಯೇ ಕಾಪಾಡಿದರು. ಜೆರೂಸಲೇಮಿನ ಯಾದ್ ವಾಶೆಮ್ ಸಂಸ್ಥೆ ಈ ತಂದೆ, ತಾಯಿ, ಮಗನನ್ನು 1987ರಲ್ಲಿ ಗೌರವಿಸಿತು. ಆಲ್ಬೇನಿಯಾದವರಿಗೆ ಆ ಮನ್ನಣೆ ಸಂದದ್ದು ಅದೇ ಮೊದಲು.

ಈ ನಡತೆಯ ಹಿಂದೆ ಅವರು 'ಬೆಸಾ' ಎಂದು ಕರೆಯುವ ಒಂದು ಕಟ್ಟಳೆಯಿದೆ. ಕೊಟ್ಟ ಮಾತು, ಅದನ್ನು ನಡೆಸುವ ನಿಷ್ಠೆ ಎಂದು ಅದರ ಅರ್ಥ. ಮನೆಗೆ ಬಂದ ಅತಿಥಿಯ ಪ್ರಾಣಕ್ಕೆ ಮನೆಯ ಯಜಮಾನನೇ ಹೊಣೆ. ಹಳಗನ್ನಡ ಬಲ್ಲವರಿಗೆ 'ಬೆಸ' ಎಂಬ ನಮ್ಮ ಮಾತು ನೆನಪಾದೀತು. ಅದಕ್ಕೆ ಕೆಲಸ, ಅಪ್ಪಣೆ ಎಂಬ ಅರ್ಥಗಳಿವೆ. ಈ ಹೋಲಿಕೆ ಕೇವಲ ಆಕಸ್ಮಿಕ. ಆಕಸ್ಮಿಕವಲ್ಲದ ಹೋಲಿಕೆಯನ್ನು ಪುಣ್ಯಕೋಟಿಯ ಕಥೆಯಲ್ಲಿ ಕಾಣಬೇಕು. ಕೊಟ್ಟ ಮಾತು ಪ್ರಾಣಕ್ಕಿಂತ ದೊಡ್ಡದೆಂಬುದನ್ನು ನಮ್ಮ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕೇಳಿರುತ್ತಾರೆ. ಆದರೂ ಒಂದು ಭೇದವುಂಟು. ಪುಣ್ಯಕೋಟಿ ಒತ್ತೆಯಿಟ್ಟದ್ದು ತನ್ನ ಪ್ರಾಣವನ್ನು. ಕರುವನ್ನು ಹುಲಿಯ ಬಾಯಿಂದ ದೂರವೇ ಇಟ್ಟಿತು. ಆ ಬೆಟ್ಟದ ಗೃಹಸ್ಥನಾದರೋ ಪರರ ಮಕ್ಕಳಿಗಾಗಿ ತನ್ನ ಮಕ್ಕಳ ಪ್ರಾಣವನ್ನೂ ಒತ್ತೆಯಿಟ್ಟ.

ಇದೆಲ್ಲ ದೂರದ ನಾಡಿನ ಮಾತು ಎನ್ನುವ ವಿದ್ಯಾರ್ಥಿಗೆ ಹತ್ತಿರದ ನಿದರ್ಶನಗಳೂ ಇವೆ. ನೆಲಮಂಗಲದ ಬಸ್ಸು ಯಶವಂತಪುರ ತಲಪುವ ಎಡೆಗೆ ಸಮೀಪದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ 1935ರಲ್ಲಿ ಇಲ್ಲಿಗೆ ಬಂದು ಸುಮಾರು ಆರು ತಿಂಗಳು ಇದ್ದರು. ಅವರನ್ನು ಖಾಯಂ ಆಗಿ ಉಳಿಸಿಕೊಳ್ಳಲು ರಾಮನ್ ಯತ್ನಿಸಿದರು. ಸಂಸ್ಥೆಯೊಳಗೇ ವಿರೋಧ ಬಂತು. ಬಾರ್ನ್ ಎಡಿನ್‌ಬರೋಗೆ ಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅವರ ಸೋದರಿಯ ಮಗ, ವಾಸ್ತುಶಿಲ್ಪಿ ಆಟೋ ಕ್ಯೋನಿಗ್ಸ್‌ಬರ್ಗರ್‌ನ ಕಥೆ ಬೇರೆಯಾಯಿತು. ಬರ್ಲಿನ್ ಬಿಟ್ಟು ಈಜಿಪ್ಟಿನಲ್ಲಿದ್ದ ಆತನನ್ನು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಆಡಳಿತ 1939ರಲ್ಲಿ ಮೈಸೂರು ಸರ್ಕಾರದ ವಾಸ್ತುಶಿಲ್ಪಿಯನ್ನಾಗಿ ನೇಮಿಸಿತು. ಹಿಂದೂ ಅರಸರ ರಾಜ್ಯದಲ್ಲಿ ಮುಸ್ಲಿಮ್ ದಿವಾನರು ಯಹೂದ್ಯನಿಗೆ ಕೊಟ್ಟ ನೆಲೆ ಅದು. ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗದ ಕಟ್ಟಡ ಆತನ ರಚನೆ.

ಇದನ್ನು ಕೇಳಿ ವಿದ್ಯಾರ್ಥಿಗೆ ಹೆಮ್ಮೆಯಾಗುವುದು ಸಹಜ, ಆಗಲಿ. ಆದರೆ ಪಾಠ ಅಲ್ಲಿಗೇ ನಿಲ್ಲಬಾರದು. ಬೆಂಗಳೂರಿಗೆ ಬಂದ ಈ ಇಬ್ಬರೂ ಪ್ರಸಿದ್ಧರ ಬಳಗದವರು, ವಿದ್ಯೆಯುಳ್ಳವರು, ನಮಗೆ ಉಪಯೋಗಕ್ಕೆ ಬರುವವರು. ಅಂದಿನ ಬ್ರಿಟಿಷ್ ಇಂಡಿಯಾ ಸರ್ಕಾರವೂ ನಿರಾಶ್ರಿತನಿಗೆ ಉದ್ಯೋಗವೋ ಜೀವನಾಧಾರದ ಭರವಸೆಯೋ ಇದೆಯೇ ಎಂದು ಕೇಳುತ್ತಿತ್ತು. ಕ್ರೂಯಾದ ಆ ದಂಪತಿಗಳು ಹಾಗೇನನ್ನೂ ಕೇಳಲಿಲ್ಲ. ಅರ್ಹತೆ ನೋಡಿ ಕೊಡುವುದು ಉದ್ಯೋಗ. ಅರ್ಹತೆ ಕೇಳದೆ ಕೊಡುವುದು ಆಶ್ರಯ. ಎರಡೂ ಒಳ್ಳೆಯವೇ, ಎರಡೂ ಒಂದೇ ಅಲ್ಲ. 1960ರ ಬಳಿಕ ಬೈಲಕುಪ್ಪೆಯಲ್ಲಿ ಟಿಬೆಟ್ಟಿನ ಸಾಮಾನ್ಯ ಜನಕ್ಕೆ ನೆಲ ಕೊಟ್ಟಾಗ ನಮ್ಮ ನಾಡೂ ಆ ಎರಡನೆಯ ಮೆಟ್ಟಿಲನ್ನು ಏರಿತೆನ್ನಬಹುದು.

ಅಧ್ಯಾಪಕರಿಗೆ ಇನ್ನೊಂದು ಎಚ್ಚರಿಕೆಯೂ ಬೇಕು. ಆಲ್ಬೇನಿಯನ್ನರೆಲ್ಲ ಹುಟ್ಟಿನಿಂದ ಸಜ್ಜನರೆಂದು ಹೇಳಿದರೆ ಅದೂ ಜನಾಂಗವಾದವೇ. ಅದೇ ಭಾಷೆಯ ಜನ ಹೆಚ್ಚಾಗಿದ್ದ ಕೊಸೊವೋದಲ್ಲಿ 1944ರಲ್ಲಿ ಆಲ್ಬೇನಿಯನ್ ಸೈನಿಕರಿದ್ದ ಎಸ್‌ಎಸ್ ಪಡೆಯೊಂದು ಯಹೂದ್ಯರನ್ನು ಹಿಡಿದು ಜರ್ಮನರಿಗೆ ಒಪ್ಪಿಸಿತು. ಕಟ್ಟಳೆ ಇಬ್ಬರಿಗೂ ಗೊತ್ತಿತ್ತು. ಅದನ್ನು ನಡೆಸಿದವರು ಕೆಲವರು. ಸದ್ಗುಣ ರಕ್ತದಲ್ಲಿ ಹರಿದು ಬರುವುದಿಲ್ಲ. ಬಾಗಿಲು ತಟ್ಟಿದ ಸದ್ದು ಕೇಳಿದಾಗ ಆಯಾ ಮನೆಯವರೇ ಎದ್ದು ಅಗುಳಿ ತೆಗೆಯಬೇಕು. ನಮ್ಮ ತರುಣರಿಗೆ ಕಲಿಸಬೇಕಾದದ್ದು ಇದನ್ನು. ಉಳಿದದ್ದನ್ನು ಅವರು ಪುಸ್ತಕಗಳಿಂದ ತಿಳಿದುಕೊಂಡಾರು.