ಒಂದೇ ಬೋರಿನ ನೀರು, ಮೂರು ಮನೆ

ನಮ್ಮ ಮನೆಯಾಕೆಗೆ ಮಂಡಿ ನೋವು ಶುರುವಾಗಿದ್ದು ನಲವತ್ತು ತುಂಬುವ ಮೊದಲೇ. ಬೆಳಿಗ್ಗೆ ಎದ್ದರೆ ಸೊಂಟ ಹಿಡಿದುಕೊಳ್ಳೋದು, ಕಳೆ ತೆಗೆಯಲು ಕುಕ್ಕರಗಾಲಲ್ಲಿ ಕೂರೋಕಾಗದು. ‘ಕೆಲಸ ತಪ್ಪಿಸಿಕೊಳ್ಳೋಕೆ ನೆಪ’ ಅಂತ ನಾನೇ ಅಂದಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತೆ. ನೋವಿನ ಇಂಜೆಕ್ಷನ್ನಿಗೆ ನಾಲ್ಕು ವರ್ಷ ತಿರುಗಿದೆವು. ಎರಡು ಮೇಕೆ, ಒಂದು ಜೊತೆ ಓಲೆ ಅದಕ್ಕೇ ಹೋಯ್ತು. ಕೊನೆಗೆ ಸಿಕ್ಕ ಒಬ್ಬ ಡಾಕ್ಟರು ಮಂಡಿಯನ್ನು ಮುಟ್ಟುವ ಮೊದಲು ಜೊತೆಗೆ ಬಂದಿದ್ದ ಮಗಳ ಹಲ್ಲು ನೋಡಿದರು. ‘ಯಾವ ನೀರು ಕುಡೀತೀರಿ?’ ಅಂದರು.

ಬೋರಿನ ನೀರು, ಇನ್ಯಾವುದು!

ನಮ್ಮದು ಶಿರಾ ಸೀಮೆ. ನಾಲ್ಕೂವರೆ ಎಕರೆ ಮಳೆಯಾಶ್ರಿತ ಹೊಲ, ಕಡ್ಲೆಕಾಯಿ ಹೆಚ್ಚು, ರಾಗಿ ಕಡಿಮೆ. ನಾನು ಹುಡುಗನಾಗಿದ್ದಾಗ ಊರೆಲ್ಲ ಸೇದೋ ಬಾವಿಯ ನೀರೇ ಕುಡೀತಿತ್ತು. 1990ರ ಆಸುಪಾಸು ಬಾವಿ ಬತ್ತಿತು, ಬೋರು ಬಂತು. ಮೊದಲು 180 ಅಡಿಗೆ ನೀರು, ಈಗ 900 ಅಡಿ. ನಮ್ಮ ನೆಲದಡಿಯ ಬಂಡೆಯಲ್ಲಿ ಫ್ಲೋರೈಡ್ ಇದೆ. ಬಂಡೆಯ ಸೀಳಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದು ಕರಗಿ ನೀರಿಗೆ ಸೇರುತ್ತದೆ. ಮಳೆ ಇಂಗಿ ತುಂಬುವ ಮೇಲಿನ ನೀರಲ್ಲಿ ಸಾಮಾನ್ಯವಾಗಿ ಕಡಿಮೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗೋದಿಲ್ಲ. ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ.

ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎನ್ನುವುದು ನಮ್ಮ ದೇಶದ ಕಟ್ಟಳೆ. ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟೆ. ನಮ್ಮದು 2.8.

ಹಲ್ಲಿನ ಕಲೆ ಎಂಟು ವರ್ಷದೊಳಗೆ, ಹಲ್ಲು ಒಳಗೇ ರೂಪುಗೊಳ್ಳುವಾಗ ಆಗುವಂಥದ್ದು. ಉಜ್ಜಿದರೆ ಹೋಗದು. ನನ್ನ ತಮ್ಮ ಬೆಂಗಳೂರು ಸೇರಿದ. ಅವನ ಮಕ್ಕಳು ಕಾವೇರಿ ನೀರು ಕುಡಿದವರು, ಹಲ್ಲು ಮಲ್ಲಿಗೆ ಮೊಗ್ಗು. ನನ್ನ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ‘ಹುಡುಗಿ ಹೊಗೆಸೊಪ್ಪು ಹಾಕ್ತಾಳಾ?’ ಅಂತ ಕೇಳಿದ್ದರು.

ಇಷ್ಟು ನೀರಿನ ಮಾತಾಯ್ತು. ಆದರೆ ಊರಿಗೆಲ್ಲ ಒಂದೇ ಬೋರು, ಎಲ್ಲರ ಸೊಂಟ ಯಾಕೆ ಒಂದೇ ಥರ ಬಾಗಲಿಲ್ಲ? ಇದು ನನ್ನನ್ನು ಬಹಳ ದಿನ ಕಾಡಿತು.

ಮೇಲಿನ ಬೀದಿಯ ದೊಡ್ಡ ಮನೆಯವರು ಪೇಟೆಯಿಂದ ನೀರಿನ ಕ್ಯಾನು ತರಿಸಲು ಶುರುಮಾಡಿ ಎಷ್ಟೋ ವರ್ಷವಾಯ್ತು. ಮನೆಯ ಹಾಲು ಮನೆಗೇ. ಆ ಮನೆಯ ಯಜಮಾನರು ಎಪ್ಪತ್ತಾದರೂ ನೆಟ್ಟಗೆ ನಡೀತಾರೆ.

ನಮ್ಮ ಹೊಲಕ್ಕೆ ಕೂಲಿಗೆ ಬರುವ ಅಕ್ಕ ಒಬ್ಬಳಿದ್ದಾಳೆ, ನನಗಿಂತ ಎರಡೇ ವರ್ಷ ದೊಡ್ಡವಳು. ಕತ್ತು ತಿರುಗೋದಿಲ್ಲ, ಕರೆದರೆ ಮೈಯೆಲ್ಲ ತಿರುಗಿಸಿ ನೋಡ್ತಾಳೆ. ಲೆಕ್ಕ ಹಾಕಿ ನೋಡಿ. ನೆರಳಲ್ಲಿ ಕೂತವರು ದಿನಕ್ಕೆ ಎರಡು ಲೀಟರು ಕುಡಿದರೆ 5.6 ಮಿಲಿಗ್ರಾಂ ಫ್ಲೋರೈಡ್. ಬಿಸಿಲಲ್ಲಿ ಗೆಯ್ಯುವವಳು ಆರು ಲೀಟರು ಕುಡಿದರೆ 16.8. ದಿನಕ್ಕೆ ಒಟ್ಟು 14 ಮಿಲಿಗ್ರಾಂ ಒಳಗೆ ಹೋಗುತ್ತಿದ್ದರೆ ಮೂಳೆ ಕೆಡುವುದು ಖಚಿತ, 6 ದಾಟಿದರೇ ಅಪಾಯ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಡುಗೆಗೂ ಅದೇ ನೀರು. ಹಸಿವು ತಡೆಯಲು ಅವಳು ಕುಡಿಯುವ ಟೀ ಇದೆಯಲ್ಲ, ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇರುತ್ತೆ.

ಊರಿಗೆ ಶುದ್ಧ ನೀರಿನ ಘಟಕ ಬಂದಿದೆ. ಐದು ರೂಪಾಯಿ ಹಾಕಿದರೆ ಇಪ್ಪತ್ತು ಲೀಟರು. ಐದು ರೂಪಾಯಿ ದೊಡ್ಡದಲ್ಲ ಅನ್ನಬಹುದು. ಆದರೆ ತೆಗೆಯೋದು ಬೆಳಿಗ್ಗೆ ಏಳಕ್ಕೆ, ಮುಚ್ಚೋದು ಹತ್ತಕ್ಕೆ. ಅವಳು ಕೂಲಿಗೆ ಹೊರಡೋದು ಆರೂವರೆಗೆ. ಮೆಷಿನ್ನು ಕೆಟ್ಟರಂತೂ ತಿಂಗಳುಗಟ್ಟಲೆ ಕೇಳೋರಿಲ್ಲ. ಬೈಕಿದ್ದವರು ಪಕ್ಕದೂರಿಗೆ ಹೋಗಿ ತರ್ತಾರೆ. ತಲೆ ಮೇಲೆ ಹೊರೋರು ಮತ್ತೆ ನಲ್ಲಿಗೇ ಬಿಂದಿಗೆ ಹಿಡೀತಾರೆ.

ಇನ್ನು ನಡುವಿನ ಮನೆ, ನಮ್ಮದು. ಊಟದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಮ್ಮಿಯಾದವರಿಗೆ ಫ್ಲೋರೈಡಿನ ಏಟು ಜಾಸ್ತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಆಂಧ್ರದ ಇಂಥ ನೀರಿನ ಹಳ್ಳಿಗಳಲ್ಲಿ ಹುಡುಗರ ಮಂಡಿ ಒಳಕ್ಕೆ ಬಾಗುವುದನ್ನು 1973ರಲ್ಲೇ ಬರೆದಿಟ್ಟಿದ್ದಾರೆ. ನಮ್ಮನೇಲಿ ಹಸು ಇತ್ತು. ಆದರೆ ಮೂರು ಬೋರು ಕೊರೆಸಿ ಮೂರೂ ಫೇಲಾಗಿ, ಸಾಲ ತಲೆ ಮೇಲೆ ಕೂತಿತ್ತು. ಎರಡು ಹೊತ್ತಿನ ಹಾಲೂ ಡೇರಿಗೆ. ಮಕ್ಕಳಿಗೆ ಟೀಗೆ ಬೀಳುವಷ್ಟೇ. ರಾಗಿ ಹೊಲ ಕಡ್ಲೆಕಾಯಿಗೆ ಬಿಟ್ಟೆ, ತಟ್ಟೆಗೆ ಅಕ್ಕಿ ಬಂತು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೇಲೆ ಕ್ಯಾಲ್ಸಿಯಂ, ಅಕ್ಕಿಯಲ್ಲಿ 10ರ ಆಸುಪಾಸು. ನೀರು ಹುಡುಕಲು ಹೋಗಿ ಸಾಲ, ಸಾಲಕ್ಕೆ ಹಾಲು, ಹಾಲಿಲ್ಲದ ಮೂಳೆಗೆ ಅದೇ ನೀರು. ಈ ಸುತ್ತು ನನಗೆ ಆಗ ಕಾಣಲೇ ಇಲ್ಲ.

ಈಗ ಏನು ಮಾಡಿದೀವಿ ಅಂದರೆ, ಒಂದು ಎಕರೆ ರಾಗಿಗೇ ಮೀಸಲು. ಬೆಳಗಿನ ಹಾಲಲ್ಲಿ ಒಂದು ಲೀಟರು ಮನೆಗೆ. ಹಿತ್ತಲಲ್ಲಿ ಎರಡು ನುಗ್ಗೆ, ವಾರಕ್ಕೆರಡು ಸಲ ಸೊಪ್ಪಿನ ಸಾರು. ಹುಣಸೆಹುಳಿ ಬಿಡಬೇಡಿ. ಮೂತ್ರದಲ್ಲಿ ಫ್ಲೋರೈಡ್ ಹೊರಹೋಗಲು ಹುಣಸೆ ನೆರವಾಗುತ್ತೆ ಎಂದು ಅದೇ ಸಂಸ್ಥೆಯವರು ಕಂಡಿದ್ದಾರೆ.

ಮುಖ್ಯವಾದದ್ದು ಮಳೆನೀರು. ನಮ್ಮ ಶೀಟಿನ ಮಾಡು 300 ಚದರಡಿ. ವರ್ಷಕ್ಕೆ 500 ಮಿಲಿಮೀಟರು ಮಳೆಯಾದರೆ ಅದರ ಮೇಲೆ ಬೀಳೋದು ಸುಮಾರು 14 ಸಾವಿರ ಲೀಟರು. ಪೋಲು ಕಳೆದು ಹತ್ತು ಸಾವಿರ ಹಿಡೀಬಹುದು. ನಾಲ್ಕು ವರ್ಷದ ಹಿಂದೆ 6 ಸಾವಿರ ಲೀಟರಿನ ತೊಟ್ಟಿ ಕಟ್ಟಿಸಿದೆ, 32 ಸಾವಿರ ರೂಪಾಯಿ ಆಯ್ತು. ಕುಡಿಯೋಕೆ, ಅಡುಗೆಗೆ ದಿನಕ್ಕೆ 20 ಲೀಟರಿನಂತೆ 300 ದಿನ. ಮೊದಲ ಮಳೆಯ ನೀರು ಹೊರಗೆ ಬಿಡಬೇಕು, ಬಾಯಿಗೆ ದಪ್ಪ ಬಟ್ಟೆ ಕಟ್ಟಬೇಕು, ಒಳಗೆ ಬೆಳಕು ಬೀಳಬಾರದು. ಕಾಯಿಸಿ ಕುಡೀತೀವಿ.

ಮನೆಯಾಕೆಗೆ ಇಂಜೆಕ್ಷನ್ ನಿಂತಿದೆ, ನೋವು ಸ್ವಲ್ಪ ಇಳಿದಿದೆ. ಕುಕ್ಕರಗಾಲಲ್ಲಿ ಕೂರೋದು ಮಾತ್ರ ಇವತ್ತಿಗೂ ಆಗದು. ಗಟ್ಟಿಯಾದ ಕೀಲು ವಾಪಸ್ಸು ಬರೋದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಆ ಅಕ್ಕ ಕೆಲಸ ಮುಗಿಸಿ ಹೋಗುವಾಗ ನಮ್ಮ ತೊಟ್ಟಿಯಿಂದ ಒಂದು ಬಿಂದಿಗೆ ಒಯ್ತಾಳೆ. ಹಾಗೆ ಕೊಟ್ಟರೆ ತೊಟ್ಟಿ 180 ದಿನಕ್ಕೇ ಖಾಲಿ ಅಂತ ಮಗ ಲೆಕ್ಕ ತೋರಿಸಿದ. ಲೆಕ್ಕ ಸರಿಯೇ. ಅದಕ್ಕೆ ಈ ಮಳೆಗಾಲಕ್ಕೆ ಅವಳ ಜನತಾ ಮನೆ ತಾರಸಿಗೂ ಪೈಪು ಹಾಕೋಣ ಅಂತ ಎರಡು ದೊಡ್ಡ ಡ್ರಮ್ಮು ತಂದಿಟ್ಟಿದೀನಿ. ದುಡ್ಡು ಕೂಲಿಯಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೋ ಅಂದಳು, ನಾನಿನ್ನೂ ಏನೂ ಹೇಳಿಲ್ಲ. ತಾರಸಿ ತುಂಬ ಸೌದೆ ಪೇರಿಸಿದ್ದಾಳೆ, ಮೊದಲು ಅದನ್ನು ಇಳಿಸಬೇಕು.